ಹಂಚಿಗೆ ಹೆದರದ ಕೈ

ಆಗುವುದಿಲ್ಲ ಎಂದವಳು ನೀಲತ್ತೆ. ಅಪ್ಪನ ಅಕ್ಕ, ಬಬಲೇಶ್ವರಕ್ಕೆ ಕೊಟ್ಟವಳು. ಅಪ್ಪ ತೀರಿಕೊಂಡಾಗ ನಾನು ಏಳನೆಯ ಕ್ಲಾಸಿನಲ್ಲಿದ್ದೆ. ತಿಕೋಟಾದ ಮನೆಯಲ್ಲಿ ದಿವಸದ ಊಟಕ್ಕೆ ನೆಂಟರೆಲ್ಲ ಕೂತಿದ್ದರು. ಮಗಳನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗುತ್ತೇನೆ, ರೊಟ್ಟಿ ಮಾಡಿ ಮಾರಿ ಓದಿಸುತ್ತೇನೆ ಎಂದು ಅವ್ವ ಎಲ್ಲರ ಮುಂದೆ ಹೇಳಿದಳು. ಅತ್ತೆ ಬಾಯಲ್ಲಿದ್ದ ತುತ್ತು ನುಂಗಿದಳು.

“ನಮ್ಮ ಮನಿತನದಾಗ ಗಂಡಸೂರ ಹತ್ತನೇ ಕ್ಲಾಸ್ ದಾಟಿಲ್ಲ. ಇಕಿ ರೊಟ್ಟಿ ಬಡಿಯೋ ಕೈಲೆ ಡಿಗ್ರಿ ತಗೋತಾಳಂತ. ಆಗಂಗಿಲ್ಲ ತಗಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸು ಹೋಗಿಬಿಟ್ಟಿದೆ ಎಂದು ಸ್ಟ್ಯಾಂಡಿನಲ್ಲಿ ಕೂತವರು ಹೇಳುತ್ತಾರಲ್ಲ, ಹಾಗೆ ಹೇಳಿದಳು. ಸಿಟ್ಟಿನ ಮಾತಾಗಿದ್ದರೆ ಮರೆಯುತ್ತಿದ್ದೆನೇನೋ.

ಈಗ ನಾನು ಬಿ.ಎ. ಮುಗಿಸಿದವಳು. ನಮ್ಮ ಮನೆತನದ ಮೊದಲ ಪದವೀಧರೆ. ಇದನ್ನು ಹೇಳುವಾಗ ನಾನು ದನಿ ಇಳಿಸುವುದಿಲ್ಲ. ದನಿ ಇಳಿಸುತ್ತಿದ್ದದ್ದು ಬೇರೆಯ ಮಾತಿಗೆ. ಆ ಡಿಗ್ರಿಯ ಕೊನೆಯ ವರ್ಷ ನನಗೆ ಕುಷ್ಠರೋಗ ಇದೆ ಎಂದು ತಿಳಿಯಿತು. ಔಷಧ ಮುಗಿದಿದೆ, ರೋಗ ಹೋಗಿದೆ. ಬಲಗೈಯ ಕಿರುಬೆರಳು, ಉಂಗುರದ ಬೆರಳು, ಅವುಗಳ ಕೆಳಗಿನ ಅಂಗೈಯ ಅಂಚು, ಇಷ್ಟಕ್ಕೆ ಸ್ಪರ್ಶ ವಾಪಸ್ ಬಂದಿಲ್ಲ. ಈ ರೋಗ ನನಗೂ ಬಂದಿತ್ತು ಎಂದು ಬಾಯಿಬಿಟ್ಟು ಹೇಳುವ ಒಬ್ಬರೂ ಆಗ ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಕಾಲೇಜಿಗೆ ಹೋಗುವ ಮುಂಚೆ ನಾನೂ ಅವ್ವನೂ ಎದುರುಬದುರು ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದೆವು. ರಸ್ತೆಯ ಮೇಲಿನ ಖಾನಾವಳಿಗಳಿಗೆ ನಮ್ಮ ರೊಟ್ಟಿ. ಹಂಚಿನ ಕಾವು ಈ ಕಡೆಯ ಹೆಂಗಸರಿಗೆ ಹೊಸದಲ್ಲ. ಬಿಸಿ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಾರೆ, ಕೈ ಜಾಡಿಸುತ್ತಾರೆ, ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಾರೆ, ಮತ್ತೆ ಕೈ ಹಾಕುತ್ತಾರೆ. ಎರಡನೆಯ ವರ್ಷದ ಹೊತ್ತಿಗೆ ನಾನು ಕೈ ಜಾಡಿಸುವುದನ್ನೂ ಊದಿಕೊಳ್ಳುವುದನ್ನೂ ಬಿಟ್ಟಿದ್ದೆ. ಹಂಚಿನ ಅಂಚಿಗೆ ತಾಗಿದರೂ ಕೈ ಹಿಂದೆ ಬರುತ್ತಿರಲಿಲ್ಲ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಏನ್ ಕೈ ಬೇ ಇದು, ಕಬ್ಬಿಣದ್ದೇನು?”

“ಇಕೀನ ಮಾಡಕೊಳ್ಳಾಂವಗ ಚಿಮಟಾದ ಖರ್ಚ ಉಳೀತು ನೋಡು.”

ನಾವೆಲ್ಲ ನಗುತ್ತಿದ್ದೆವು. ಖಾನಾವಳಿಯ ಮಾಲಕರು ಬಂದಾಗ “ಕೈ ಅಂದ್ರ ಹಿಂಗ ಪಳಗಬೇಕು” ಎಂದು ತಮ್ಮ ಅಡುಗೆಯವಳಿಗೆ ನನ್ನ ಕೈಯ ಉದಾಹರಣೆ ಕೊಡುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ. ಮೊಣಕೈಯ ಕೆಳಗೆ ಒಂದು ತಿಳಿ ಮಚ್ಚೆ ಇತ್ತು. ಒಲೆಯ ಕಾವಿಗೆ ಬಂದ ಚಿಬ್ಬು ಎಂದುಕೊಂಡಿದ್ದೆವು.

ನಮ್ಮ ಮನೆತನದಲ್ಲಿ ಯಾರೂ ಕ್ರೈಸ್ತರಲ್ಲ. ವಿಜಯಪುರಕ್ಕೆ ಬಂದ ಹೊಸತರಲ್ಲಿ ಪಕ್ಕದ ಮನೆಯವರ ಜೊತೆ ಅವ್ವ ಒಂದು ಭಾನುವಾರ ಪ್ರಾರ್ಥನೆಗೆ ಹೋದಳು. ತಗಡು ಹಾಕಿದ ಸಣ್ಣ ಹಾಲ್, ನೆಲಕ್ಕೆ ಚಾಪೆ, ವಯಸ್ಸಾದ ಒಬ್ಬ ಪಾಸ್ಟರ್. ಮುಂದಿನ ಭಾನುವಾರವೂ ಹೋದಳು. ಅಲ್ಲಿ ಅಂಥದ್ದೇನು ಸಿಗುತ್ತದೆ ಎಂದು ನಾನು ಕೇಳಿದ್ದಕ್ಕೆ ಅವ್ವ ಕೊಟ್ಟ ಉತ್ತರ ಇಷ್ಟೇ: “ವಾರದಾಗ ಅದೊಂದ ಹೊತ್ತು ನೋಡು, ನನಗ ಯಾರೂ ಏಳು ಅನ್ನಂಗಿಲ್ಲ.” ದಣಿದವರನ್ನು ಯೇಸು ತನ್ನ ಹತ್ತಿರ ಕರೆದು ಕೂರಿಸುತ್ತಾನೆ ಎಂಬ ಮಾತನ್ನು ಅವಳು ಹಾಗೆ ತಿಳಿದುಕೊಂಡಿದ್ದಳು. ನಾನೂ ಹೋಗತೊಡಗಿದೆ. ಬರಬರುತ್ತ ಅದು ನಮ್ಮ ಮನೆಯಾಯಿತು. ಬಬಲೇಶ್ವರದ ಅತ್ತೆಗೆ ಇದು ಸೇರಲಿಲ್ಲ. “ಊರ ದೇವರು ಸಾಲಲಿಲ್ಲೇನು ನಿಮಗ?” ಎಂದು ಫೋನಿನಲ್ಲಿ ಕೇಳಿದಳು. ಆದರೆ ವರ್ಷಕ್ಕೊಮ್ಮೆ ಜೋಳದ ಚೀಲವನ್ನು ಬಸ್ಸಿನಲ್ಲಿ ಹಾಕಿ ಕಳಿಸುವುದನ್ನು ಬಿಡಲಿಲ್ಲ.

ನಮ್ಮ ಪ್ರಾರ್ಥನಾ ಮನೆಯಲ್ಲಿ ಹಾಡು ಮುಗಿದ ಮೇಲೆ ಸಾಕ್ಷಿ ಹೇಳುವ ಪದ್ಧತಿ ಇದೆ. ದೇವರು ಆ ವಾರ ತನಗೆ ಮಾಡಿದ ಒಳ್ಳೆಯದನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ಜ್ವರ ಬಿಟ್ಟದ್ದು, ಮಗನಿಗೆ ಕೆಲಸ ಸಿಕ್ಕಿದ್ದು, ಕಳೆದ ಆಡು ಮನೆಗೆ ಬಂದದ್ದು. ಅವ್ವ ಎಂದೂ ಎದ್ದವಳಲ್ಲ. ಒಂದು ಭಾನುವಾರ ಎದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು:

“ನನ್ನ ಮಗಳು ರೊಟ್ಟಿ ಬಡದು ಕಾಲೇಜಿಗೆ ಹೋಗತಾಳ. ಆಕೀ ಕೈ ಸುಡಬಾರದು ಅಂತ ನಾ ದಿನಾ ಬೇಡಕೊಂಡೆ. ಈಗ ನೋಡ್ರಿ, ಹಂಚ ಮುಟ್ಟಿದ್ರೂ ಆಕೀ ಕೈ ಸುಡಂಗಿಲ್ಲ. ಕರ್ತಗ ಸ್ತೋತ್ರ.”

“ಸ್ತೋತ್ರ!” ಎಂದು ಇಡೀ ಹಾಲ್ ಹೇಳಿತು. ಪಾಸ್ಟರ್ ನನ್ನನ್ನು ಎಬ್ಬಿಸಿ ಕೈ ಮೇಲೆತ್ತಲು ಹೇಳಿದರು. ಎತ್ತಿದೆ. ಎಲ್ಲರೂ ನನ್ನ ಬಲಗೈ ನೋಡಿ ಚಪ್ಪಾಳೆ ಹೊಡೆದರು.

ಇದನ್ನು ಬರೆಯುವಾಗಲೂ ನನಗೆ ಅಳು ಬರುವುದಿಲ್ಲ, ನಗುವೂ ಬರುವುದಿಲ್ಲ. ರೋಗಕ್ಕೆ ಚಪ್ಪಾಳೆ ಹೊಡೆಸಿಕೊಂಡವರು ಹೆಚ್ಚು ಜನ ಇರಲಿಕ್ಕಿಲ್ಲ.

ಕೊನೆಯ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಿತ್ತು. ತೊಡೆಯ ಪಕ್ಕದಲ್ಲಿ ನೋಟ್ಸ್ ತೆರೆದಿಟ್ಟು, ಎಡಗಣ್ಣು ಅದರ ಮೇಲೆ, ಬಲಗೈ ಹಂಚಿನ ಮೇಲೆ, ಹೀಗೆ ನನ್ನ ಓದು. ಅವ್ವ ಹಿಟ್ಟು ನಾದುತ್ತಿದ್ದವಳು ಮೂಗು ಏರಿಸಿದಳು.

“ರೊಟ್ಟಿ ಹೊತ್ತೈತಿ ನೋಡು.”

ರೊಟ್ಟಿ ನೋಡಿದೆ. ಹೊತ್ತಿರಲಿಲ್ಲ. “ಇಲ್ಲವ್ವಾ” ಎಂದು ಮತ್ತೆ ನೋಟ್ಸ್ ಕಡೆ ತಿರುಗಿದೆ.

“ಏನೋ ಸುಟ್ಟ ವಾಸನಿ ಬರಾಕತ್ತೈತಿ” ಎನ್ನುತ್ತ ಅವ್ವ ಇತ್ತ ನೋಡಿದಳು. ನೋಡಿದವಳು ನಾದುವ ಕೈಯಿಂದಲೇ ನನ್ನ ಮೊಣಕೈ ಹಿಡಿದು ಎಳೆದಳು. ನನ್ನ ಕಿರುಬೆರಳು ಹಂಚಿನ ಅಂಚಿನ ಮೇಲೆ ಮಲಗಿತ್ತು. ಅಷ್ಟು ಹೊತ್ತು ಅಲ್ಲೇ ಇತ್ತು. ವಾಸನೆ ನನ್ನದೇ.

ನೋವು ಇರಲಿಲ್ಲ. ಚರ್ಮ ಬಿಳಿಚಿ ಎದ್ದದ್ದನ್ನು ಬೇರೆ ಯಾರದೋ ಕೈ ನೋಡುವಂತೆ ನೋಡಿದೆ. ಅವ್ವನ ಮುಖ ನೋಡಿದ ಮೇಲೆ ಹೆದರಿಕೆ ಆಯಿತು.

ಸರಕಾರಿ ದವಾಖಾನೆಯ ಚರ್ಮದ ವಿಭಾಗದ ಹೊರಗೆ ಉದ್ದನೆಯ ಬೆಂಚು. ತುರಿಕೆಯವರು, ಕೂದಲು ಉದುರುವವರು, ಹೊನವಾಡದಿಂದ ಬಂದ ಒಬ್ಬ ಮುದುಕಿ. ಅವಳು ಮೊದಲ ಬಸ್ಸಿಗೇ ಬಂದಿದ್ದಳು. ಸೆರಗಿನ ಗಂಟಿನಿಂದ ದ್ರಾಕ್ಷಿ ಬಿಡಿಸಿ ಪಕ್ಕದವರಿಗೆಲ್ಲ ಕೊಟ್ಟಳು. “ತಗೋ ಯವ್ವಾ, ನಮ್ಮ ತ್ವಾಟದ್ದು. ಡಾಕ್ಟರ್ ಹೊತ್ತ ಮಾಡತಾರ, ಹೊಟ್ಟಿಗೇನು ಗೊತ್ತಾಗತೈತಿ?” ನನ್ನ ಬ್ಯಾಂಡೇಜಿನ ಕೈಗೇ ಇಟ್ಟಳು. ಒಳಗೆ ಹೋಗುವ ಮುಂಚೆ ಯಾವ ಯೋಚನೆಯೂ ಇಲ್ಲದೆ ನಾನು ತಿಂದ ಕೊನೆಯ ತಿನಿಸು ಅದು.

ಡಾಕ್ಟರ್ ಮಚ್ಚೆ ನೋಡಿದರು, ಮೊಣಕೈಯ ಒಳಬದಿ ಒತ್ತಿದರು. ಅಲ್ಲಿ ಹಗ್ಗದಂತೆ ಏನೋ ದಪ್ಪಗಾಗಿತ್ತು. ಆಮೇಲೆ ಕಣ್ಣು ಮುಚ್ಚು, ಪೆನ್ನಿನ ತುದಿಯಿಂದ ಎಲ್ಲಿ ಮುಟ್ಟುತ್ತೇನೋ ಅಲ್ಲಿ ಎಡಗೈಯಿಂದ ತೋರಿಸು ಎಂದರು. ಕಣ್ಣು ಮುಚ್ಚಿದೆ. ಹೆಬ್ಬೆರಳು ತೋರಿಸಿದೆ. ತೋರುಬೆರಳು ತೋರಿಸಿದೆ. ಆಮೇಲೆ ಕಾದೆ. ಅವರು ಮುಟ್ಟುವುದನ್ನು ನಿಲ್ಲಿಸಿದ್ದಾರೆ ಎಂದುಕೊಂಡೆ.

“ತೋರಸ ಬೇ” ಎಂದಳು ಅವ್ವ ಮೆಲ್ಲಗೆ.

ನನ್ನ ಎಡಗೈ ಗಾಳಿಯಲ್ಲೇ ನಿಂತಿತ್ತು.

“ಕಿರುಬೆರಳ. ಕಿರುಬೆರಳ ಮುಟ್ಟಾಕತ್ತಾರ, ತೋರಸು.”

“ಅವ್ವಾರ, ನೀವು ಹೇಳಬ್ಯಾಡ್ರಿ” ಎಂದರು ಡಾಕ್ಟರ್.

ಶಾಲೆಯಲ್ಲಿ ಉತ್ತರ ಬಾರದ ಮಗುವಿಗೆ ಹಿಂದಿನ ಬೆಂಚಿನವರು ಹೇಳಿಕೊಡುತ್ತಾರಲ್ಲ, ಹಾಗಿತ್ತು ಅವ್ವನ ದನಿ. ಕಣ್ಣು ತೆರೆದಾಗ ಪೆನ್ನಿನ ತುದಿ ನನ್ನ ಉಂಗುರದ ಬೆರಳಿನ ಮೇಲೆ ನಿಂತಿತ್ತು.

ಅವರು ರೋಗದ ಹೆಸರು ಹೇಳಿದರು. ಗುಣವಾಗುತ್ತದೆ, ಗುಳಿಗೆ ಪುಕ್ಕಟೆ, ಶುರುಮಾಡಿದ ಮೇಲೆ ಯಾರಿಗೂ ಹರಡುವುದಿಲ್ಲ, ರೊಟ್ಟಿಯಿಂದಂತೂ ಹರಡುವುದೇ ಇಲ್ಲ ಎಂದೂ ಹೇಳಿದರು. ಅವ್ವ ಎಲ್ಲಕ್ಕೂ ಹೂಂ ಎಂದಳು. ಅವಳಿಗೆ ಹೆಸರೊಂದೇ ಕೇಳಿಸಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

“ಆದ್ರ ಕೈ ನರ ಬಾತೈತಿ” ಎಂದರು ಡಾಕ್ಟರ್. “ಅದಕ್ಕ ಬ್ಯಾರೆ ಗುಳಗಿ ಕೊಡತೀನಿ, ಪಟ್ಟಿ ಕಟ್ಟತೇವಿ. ಕೈಗೆ ಪೂರಾ ವಿಶ್ರಾಂತಿ ಬೇಕು. ರೊಟ್ಟಿ ಇಲ್ಲ, ಭಾಂಡೆ ಇಲ್ಲ, ಬರಿಯೂದಿಲ್ಲ.”

“ಪರೀಕ್ಷಾ ಐತ್ರಿ ಸರ್. ಕೊನೇದು.”

“ಯಾವಾಗ?”

“ಮುಂದಿನ ತಿಂಗಳ.”

ಅವರು ನನ್ನ ಕಿರುಬೆರಳನ್ನು ನೆಟ್ಟಗೆ ಮಾಡಿ ಬಿಟ್ಟರು. ಅದು ತಾನಾಗಿ ಸ್ವಲ್ಪ ಬಾಗಿತು. “ಬರಿಯೂದಾದ್ರ ಬರೀಬಹುದು. ಮೂರು ಮೂರು ತಾಸು ಬರದು ಈ ಬೆರಳು ಹಿಂಗ ಬಾಗಿ ನಿಂತ್ರ, ತಿರುಗಿ ನೆಟ್ಟಗ ಆಗತೈತಿ ಅಂತ ನಾ ಹೇಳಂಗಿಲ್ಲ. ವಿಚಾರ ಮಾಡಿ ಹೇಳು.”

ವಿಚಾರ ಮಾಡುವುದೇನಿತ್ತು? ಆ ಪರೀಕ್ಷೆ ತಪ್ಪಿದರೆ ಮತ್ತೆ ಒಂದು ವರ್ಷ. ಒಂದು ವರ್ಷ ಮನೆಯಲ್ಲಿ ಕೂತ ಹುಡುಗಿಯರು ನಮ್ಮ ಕಡೆ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವುದಿಲ್ಲ. ಅವರ ಮದುವೆಯ ಊಟಕ್ಕೆ ನಾನೇ ಹೋಗಿ ಬಂದಿದ್ದೆ. ಅತ್ತೆ ಹೇಳಿದ್ದು ಹೀಗೆಯೇ ನಿಜವಾಗುತ್ತದೆಯೇನೋ ಎಂದುಕೊಂಡೆ.

ಗುಳಿಗೆ ಕೊಡುವ ಕೋಣೆಯಲ್ಲಿ ಒಬ್ಬ ಸಿಸ್ಟರ್ ಇದ್ದರು. ತಿಂಗಳ ಮೊದಲ ಗುಳಿಗೆ ಅವರೆದುರೇ ನುಂಗಬೇಕು. ನಮ್ಮ ಹತ್ತಿರ ನೀರು ಇರಲಿಲ್ಲ. ಅವರು ತಮ್ಮ ಟೇಬಲ್ಲಿನ ಬಾಟಲಿ ಕೊಟ್ಟರು. ನಾನು ಎತ್ತಿ ಕುಡಿಯಲು ಹೋದೆ. ಎಡಗೈಯಲ್ಲಿ ಸರಿಯಾಗಿ ಬಾರದೆ ಬಾಟಲಿ ತುಟಿಗೆ ತಾಗಿತು. ಕ್ಷಮಿಸಿ ಎನ್ನುವಷ್ಟರಲ್ಲಿ ಅವರು ಬಾಟಲಿ ತೆಗೆದುಕೊಂಡು ತಾವೂ ಎರಡು ಗುಟುಕು ಕುಡಿದು ಮುಚ್ಚಳ ಹಾಕಿದರು. ಯಾವುದೋ ಹೆಸರು ಕೂಗುತ್ತ ಮುಂದಿನವರನ್ನು ಕರೆದರು. ಅವರು ಬೇಕೆಂದೇ ಮಾಡಿದರೋ, ಬಾಯಾರಿತ್ತೋ, ಇವತ್ತಿಗೂ ಕೇಳಿಲ್ಲ.

ಮನೆಯ ಬಾಗಿಲು ತೆರೆಯುವಾಗ ಅವ್ವ ಒಂದೇ ಮಾತು ಹೇಳಿದಳು. “ನಾ ಅದಕ್ಕ ಸ್ತೋತ್ರ ಅಂದಿದ್ನಲ್ಲ.”

ಆ ಭಾನುವಾರ ಹೋಗುವುದು ಬೇಡ ಎಂದೆ. ಅವ್ವ ಕೇಳಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ದುಪಟ್ಟಾದ ಒಳಗೆ ಇಟ್ಟುಕೊಂಡು ಹಿಂದಿನ ಚಾಪೆಯ ಮೇಲೆ ಕೂತೆ. ಪಾಸ್ಟರ್ ಅಂದು ಪಾಪದ ಬಗ್ಗೆ ಹೇಳಿದರು. ಪಾಪವೆಂದರೆ ಕುಷ್ಠದ ಹಾಗೆ, ಮೊದಲು ಸಣ್ಣ ಮಚ್ಚೆ, ಆಮೇಲೆ ಮರಗಟ್ಟುತ್ತದೆ, ಕೊಳೆಯುತ್ತದೆ, ಮನುಷ್ಯನಿಗೆ ತಿಳಿಯುವುದೇ ಇಲ್ಲ ಎಂದರು. ಒಳ್ಳೆಯ ದನಿ ಅವರದು. ಮುಂದೆ ಕೂತವರು ತಲೆದೂಗುತ್ತಿದ್ದರು. ನನಗೆ ಅವಮಾನವೂ ಆಗಲಿಲ್ಲ. ಕೈಗೆ ಆದದ್ದು ಮೇಲಕ್ಕೆ ಹತ್ತಿ ಎದೆಗೂ ಬಂದಿದೆ ಎಂದುಕೊಂಡೆ.

ಕಡೆಯ ಹಾಡು ಮುಗಿದು ಎಲ್ಲರೂ ಹೋಗುವವರೆಗೆ ಅವ್ವ ಕಾದಳು. ಆಮೇಲೆ ಎದ್ದು ಪಾಸ್ಟರ್ ಮುಂದೆ ಹೋಗಿ ನಿಂತಳು.

“ಪಾಸ್ಟರ್, ನೀವು ಹೇಳಿದ ಬ್ಯಾನಿ ನನ್ನ ಮಗಳಿಗೆ ಬಂದೈತ್ರಿ. ಆಕಿ ಏನು ಪಾಪ ಮಾಡ್ಯಾಳ, ನಿಮಗ ಗೊತ್ತಿದ್ರ ಹೇಳ್ರಿ. ನನಗಂತೂ ಗೊತ್ತಿಲ್ಲ.”

ಅವರು ನನ್ನನ್ನು ನೋಡಿದರು, ದುಪಟ್ಟಾ ನೋಡಿದರು. ಕುರ್ಚಿಯ ಮೇಲೆ ಕೂತರು. ಅವರು ಮಾತಾಡಿದ್ದು ನಮ್ಮ ಜೊತೆ ಅಲ್ಲವೇನೋ ಅನ್ನಿಸಿತು.

“ಇಷ್ಟು ವರ್ಷ ಆ ಮಾತು ಹೇಳೇನಿ. ಕುಂತವರೊಳಗ ಎಷ್ಟ ಮಂದಿಗಿತ್ತೋ ಏನೋ.”

ಆಮೇಲೆ ಅವರ ಬಾಯಿಂದ ಆ ಹೋಲಿಕೆ ನಾನು ಕೇಳಿಲ್ಲ.

ನೀಲತ್ತೆಗೆ ಯಾರು ಹೇಳಿದರೋ, ಬಂದಳು. ಬಬಲೇಶ್ವರದ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಹೊಸ್ತಿಲ ಹೊರಗೇ ನಿಂತಳು. ಅವ್ವ ನೀರು ತಂದಳು. ಅತ್ತೆ ಚೊಂಬು ಮುಟ್ಟಲಿಲ್ಲ.

“ಒಳಗ ಬರ್ರಿ, ಅಕ್ಕಾರ. ರೊಟ್ಟಿ ಈಗಷ್ಟ ಆಗ್ಯಾವ, ನಾನ ಮಾಡೇನಿ.”

“ಬ್ಯಾಡ. ಉಂಡ ಬಂದೇನಿ.” ಉಂಡಿರಲಿಲ್ಲ. ತುಟಿ ಒಣಗಿತ್ತು. “ಖರೇನೇನು? ದೊಡ್ಡ ಬ್ಯಾನಿ ಅಂತಾರ.”

“ಹೂಂ ಅತ್ತಿ” ಎಂದೆ.

“ಪರೀಕ್ಷಾ?”

ನಾನು ಪಟ್ಟಿ ಕಟ್ಟಿದ ಕೈ ತೋರಿಸಿದೆ. ಅತ್ತೆ ಅದನ್ನೇ ನೋಡಿದಳು. “ನಾ ಅವತ್ತ ಹೇಳಿದ್ನಿಲ್ಲ?” ಎಂದಳು. ಗೆದ್ದವಳ ದನಿ ಇರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದ ದಾರಿಯಲ್ಲೇ ಹೋದಳು. ಆ ವರ್ಷವೂ ಜೋಳದ ಚೀಲ ಬಂತು.

ಆಗ ನಾನು ದೇವರಿಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ. ಬರೆಯಲೋ, ಬಿಡಲೋ? ಪ್ರಾರ್ಥನೆ ಮಾಡುವಾಗ ಮೊದಲೆಲ್ಲ ಒಳಗೆ ಏನೋ ಬೆಚ್ಚಗಾಗುತ್ತಿತ್ತು. ಅದನ್ನೇ ನಾನು ಉತ್ತರ ಎಂದು ತಿಳಿಯುತ್ತಿದ್ದೆ. ಈಗ ಏನೂ ಇಲ್ಲ. ಗೋಡೆಯ ಮುಂದೆ ಕೂತ ಹಾಗೆ. ಹಾಲ್ ಟಿಕೆಟ್ ತಂದಿಟ್ಟುಕೊಂಡಿದ್ದೆ. ಪಟ್ಟಿ ಬಿಚ್ಚಿ ಎರಡು ಸಾಲು ಬರೆದು ನೋಡಿ ಮತ್ತೆ ಕಟ್ಟುತ್ತಿದ್ದೆ.

ಒಂದು ಮಧ್ಯಾಹ್ನ ಪಾಸ್ಟರ್ ಮನೆಗೆ ಬಂದರು. ಅವ್ವ ಕೊಟ್ಟ ರೊಟ್ಟಿ, ಪುಂಡಿ ಪಲ್ಯ ಉಂಡರು. ಉಪದೇಶ ಮಾಡಲಿಲ್ಲ. ಹೋಗುವ ಮುಂಚೆ ಪ್ರಾರ್ಥನೆ ಮಾಡೋಣ ಎಂದು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಅವ್ವ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ಪಾಸ್ಟರ್ ಥಟ್ಟನೆ ಕಣ್ಣು ತೆರೆದರು.

“ಗಟ್ಟಿ ಹಿಡದ್ನೇನು ಮಗಳ? ನೋವಾತೇನು?”

“ಇಲ್ರಿ. ಈ ಎರಡ ಬೆರಳಿಗೆ ನೀವು ಹಿಡದದ್ದ ಗೊತ್ತಾಗೂದಿಲ್ಲ.”

ಅವರು ಮತ್ತೆ ಕಣ್ಣು ಮುಚ್ಚಿ ಪ್ರಾರ್ಥನೆ ಮುಂದುವರಿಸಿದರು. ಏನು ಬೇಡಿಕೊಂಡರೋ ನಾನು ಕೇಳಿಸಿಕೊಳ್ಳಲಿಲ್ಲ. ನಾನು ನನ್ನ ಕೈ ನೋಡುತ್ತಿದ್ದೆ. ನನ್ನ ಎರಡು ಬೆರಳಿನ ಮೇಲೆ ಆ ಮುದುಕರ ಬೆರಳುಗಳಿದ್ದವು. ಉಗುರಿನಲ್ಲಿ ಪಲ್ಯದ ಅರಿಸಿನ. ನನ್ನ ಕೈ ಅವರು ಇಲ್ಲ ಎಂದು ಹೇಳುತ್ತಿತ್ತು. ಅವರು ಇದ್ದರು.

ಇಷ್ಟೇ ಆದದ್ದು. ಬೆಳಕು ಬೀಳಲಿಲ್ಲ, ದನಿ ಕೇಳಲಿಲ್ಲ. ದವಾಖಾನೆಯ ಸಿಸ್ಟರ್ ನನಗೆ ಹೇಳಿದ್ದು ನೆನಪಾಯಿತು: “ನಿನ್ನ ಕೈ ಇನ್ನ ನಿನಗ ಏನೂ ಹೇಳಂಗಿಲ್ಲ. ಕಣ್ಣಿಗೆ ಕೇಳು. ದಿನಾ ಕೇಳು.” ಕೈಯ ಬಗ್ಗೆ ಹೇಳಿದ ಮಾತನ್ನು ನಾನು ದೇವರ ಬಗ್ಗೆಯೂ ಇಟ್ಟುಕೊಂಡೆ. ಅನ್ನಿಸದಿದ್ದರೆ ನೋಡಬೇಕು. ನೋಡಿದರೆ ಏನಿತ್ತು? ಬಾಟಲಿಯ ನೀರು ಕುಡಿದ ಸಿಸ್ಟರ್ ಇದ್ದರು. ನಮ್ಮ ಮನೆಯಲ್ಲಿ ಉಂಡ ಪಾಸ್ಟರ್ ಇದ್ದರು. ಉಣ್ಣದೆ ಹೋದರೂ ಜೋಳ ಕಳಿಸಿದ ಅತ್ತೆ ಇದ್ದಳು.

ಪಾಸ್ಟರ್ ಹೋದ ಮೇಲೆ ಅವ್ವ ಭಾಂಡೆ ತಿಕ್ಕುತ್ತ ಕೂತಳು. ನಾನು ಹಾಲ್ ಟಿಕೆಟ್ ಹಿಡಿದು ಅವಳ ಪಕ್ಕ ಕೂತೆ.

“ಬರದ ಬಿಡಲೇನು ಯವ್ವಾ?”

“ನಾ ಪ್ರಾರ್ಥನಿಗಿ ಎದಕ್ಕ ಹೋಗತೇನಿ, ಗೊತ್ತೈತಿಲ್ಲ ನಿನಗ?”

“ಕುಂಡರಾಕ.”

“ನೀನೂ ಕುಂಡರು.” ಬೋಗುಣಿ ತೊಳೆದು ಮಗುಚಿಟ್ಟಳು. “ಕರ್ತ ಕುಂಡರು ಅಂದಾಗ ಎದ್ದು ಓಡಾಡಿದ್ರ, ಆಂವಾ ಕರದದ್ದ ಯಾಕ?”

“ಅತ್ತಿ ನಗತಾಳ.”

“ನಗಲಿ. ಆಕೀ ಹಲ್ಲ ನಾಲ್ಕ ಉಳದಾವ, ನಕ್ಕೊಳ್ಳಲಿ.”

ಇಬ್ಬರೂ ನಕ್ಕೆವು. ರೋಗ ತಿಳಿದ ಮೇಲೆ ಮೊದಲ ನಗು.

ನಾನು ಪರೀಕ್ಷೆ ಬರೆಯಲಿಲ್ಲ. ಮೊದಲ ಪೇಪರಿನ ಬೆಳಗ್ಗೆ ಹೊಸ್ತಿಲ ಮೇಲೆ ಕೂತಿದ್ದೆ, ಕೈ ದಿಂಬಿನ ಮೇಲೆ. ನನ್ನ ಜೊತೆಯ ಹುಡುಗಿಯರು ಆಟೊ ಹಿಡಿಯಲು ಸ್ಟೇಷನ್ ರಸ್ತೆಯ ಕಡೆ ಓಡುತ್ತಿದ್ದರು. ಒಳಗೆ ಅವ್ವ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರ ಸದ್ದು ಕೇಳಿ ರೂಢಿಯಾದ ಕಿವಿಗೆ ಒಬ್ಬಳ ಸದ್ದು ಕುಂಟುತ್ತಿದ್ದ ಹಾಗಿತ್ತು. ವಿಶ್ರಾಂತಿ ಎಂದರೆ ಹಿತ ಎಂದು ನಾನು ತಿಳಿದಿದ್ದೆ. ಅಲ್ಲ. ಸುಮ್ಮನೆ ಕೂರುವುದು ಬಹಳ ಕಷ್ಟದ ಕೆಲಸ. ಏಳಬೇಕು ಅನ್ನಿಸಿದಾಗಲೆಲ್ಲ, ನಿನ್ನ ಹತ್ತಿರವೇ ಕೂತಿದ್ದೇನೆ, ನೋಡಿಕೋ ಎಂದು ಹೇಳಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನಾನು ಮಾಡಿದ ಪ್ರಾರ್ಥನೆ ಅದೊಂದೇ.

ಅವ್ವನಿಗೆ ಇನ್ನೊಂದು ಕೆಲಸ ಉಳಿದಿತ್ತು. “ಎಲ್ಲಾರ ಮುಂದ ಹೇಳಿದ ಸಾಕ್ಷಿ, ಎಲ್ಲಾರ ಮುಂದ ತಿದ್ದಬೇಕು. ನಿನಗ ಬ್ಯಾಡಾದ್ರ ಬ್ಯಾಡ” ಎಂದಳು. ನಾನು ಕೆಲವು ವಾರ ತೆಗೆದುಕೊಂಡು ಹೂಂ ಎಂದೆ. ಮುಂದಿನ ಭಾನುವಾರ ಹಾಡು ಮುಗಿದ ಮೇಲೆ ಅವಳು ಎದ್ದು ನಿಂತಳು.

“ಹಿಂದ ಒಮ್ಮೆ ನಾ ಒಂದು ಸಾಕ್ಷಿ ಹೇಳಿದ್ನಿ. ಅದನ್ನ ವಾಪಸ್ ತಗೋತೇನಿ. ಮಗಳ ಕೈ ಸುಡಲಿಲ್ಲ ಅಂದಿದ್ನಿ. ಸುಡತಿತ್ತು, ಆಕಿಗಿ ಗೊತ್ತಾಗತಿರಲಿಲ್ಲ. ಆಕಿಗಿ ಕುಷ್ಠ ಆಗೇತಿ. ಗುಳಗಿ ನಡದಾವ.”

ಮುಂದೆ ಕೂತಿದ್ದ ಕಿವಿ ಮಂದದ ಹಿರಿಯರೊಬ್ಬರು ರೂಢಿಯಂತೆ “ಸ್ತೋತ್ರ!” ಎಂದು ಕೂಗಿದರು. ಯಾರೋ ಅವರ ಅಂಗಿ ಎಳೆದರು. ಅವ್ವ ಅವರ ಕಡೆ ತಿರುಗಿ, “ಅನ್ರಿ ಅಣ್ಣಾರ, ತಪ್ಪಲ್ಲ. ಲಗೂನ ಗೊತ್ತಾತು, ಅದಕ್ಕ ಅನ್ರಿ” ಎಂದಳು. ಕೆಲವರು ಅಂದರು. ಎಲ್ಲರೂ ಅನ್ನಲಿಲ್ಲ. ಮುಂದಿನ ಕೆಲವು ವಾರ ನನ್ನ ಚಾಪೆಯ ಎರಡೂ ಬದಿ ಖಾಲಿ ಇತ್ತು. ಒಂದು ಖಾನಾವಳಿ ನಮ್ಮ ರೊಟ್ಟಿ ಬಿಟ್ಟಿತು. ಇನ್ನೊಂದರ ಮಾಲಕರು, ನನ್ನ ಕೈಯ ಉದಾಹರಣೆ ಕೊಡುತ್ತಿದ್ದವರು, ಬಾಗಿಲಿಗೆ ಬಂದು ತಲೆ ತುರಿಸುತ್ತ ನಿಂತರು. “ಡಾಕ್ಟರ್ ಏನಂದ್ರು?” ಎಂದು ಕೇಳಿ, ಅವ್ವ ಹೇಳಿದ್ದನ್ನು ಕೇಳಿಸಿಕೊಂಡು, ಬುಟ್ಟಿ ಎತ್ತಿಕೊಂಡು ಹೋದರು.

ಗುಳಿಗೆಯಿಂದ ನನ್ನ ಮೈ ಕಪ್ಪಾಯಿತು. “ದ್ರಾಕ್ಷಿ ತ್ವಾಟಕ್ಕ ಕೂಲಿಗಿ ಹೊಂಟಿಯೇನು?” ಎಂದು ಓಣಿಯವರು ಕೇಳಿದರು. ನರದ ಬಾವು ಇಳಿಯಿತು. ಬೆರಳು ಬಾಗಿ ನಿಲ್ಲಲಿಲ್ಲ. ಸ್ಪರ್ಶ ಬರಲಿಲ್ಲ, ಆದರೆ ಬೆರಳು ನೆಟ್ಟಗೆ ಉಳಿಯಿತು. ಪರೀಕ್ಷೆ ಬರೆದಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ, ಹೇಳುವುದೂ ಇಲ್ಲ. ದಿನಾ ಸಂಜೆ ಕೈಯನ್ನು ನೀರಿನಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಬೆಳಕಿಗೆ ಹಿಡಿದು ಗಾಯ ಹುಡುಕುತ್ತೇನೆ. ಪ್ರಾರ್ಥನೆಯೂ ಅದೇ ಹೊತ್ತಿಗೆ. ಕಣ್ಣು ತೆರೆದೇ ಮಾಡುತ್ತೇನೆ. ಸಿಸ್ಟರ್ ರೊಟ್ಟಿ ಬಡಿಯಲು ಒಪ್ಪಿಗೆ ಕೊಟ್ಟರು. ಹಲಗೆಯ ಮೇಲೆ ಬಡಿಯಬಹುದು, ಹಂಚಿನ ಹತ್ತಿರ ಮಾತ್ರ ಕೈ ಹೋಗಕೂಡದು. ಹೀಗಾಗಿ ನಾನು ಬಡಿದು ಕೊಡುತ್ತೇನೆ, ಅವ್ವ ಬೇಯಿಸುತ್ತಾಳೆ.

ಮುಂದಿನ ವರ್ಷ ಪರೀಕ್ಷೆ ಬರೆದೆ. ಪೆನ್ನು ದಪ್ಪಗಾಗಲೆಂದು ಅವ್ವ ಅದಕ್ಕೆ ರೊಟ್ಟಿ ಸುತ್ತುವ ಹಳೆಯ ಬಟ್ಟೆಯ ಪಟ್ಟಿ ಸುತ್ತಿ ಕೊಟ್ಟಿದ್ದಳು. ಪುಟ ತಿರುವಿದಾಗಲೆಲ್ಲ ಬೆರಳು ನೋಡಿಕೊಂಡೆ. ನನಗಿಂತ ಸಣ್ಣ ಹುಡುಗಿಯರ ನಡುವೆ ಕೂತು, ಅವರಿಗಿಂತ ತಡವಾಗಿ ಮುಗಿಸಿದೆ. ಪಾಸಾದೆ. ಅಷ್ಟರೊಳಗೆ ಗುಳಿಗೆಯೂ ಮುಗಿದಿತ್ತು.

ಕಾಲೇಜಿನ ಅಂಗಳದಲ್ಲಿ ಪೆಂಡಾಲು ಹಾಕಿ ಪದವಿ ಪತ್ರ ಕೊಡುವ ಕಾರ್ಯಕ್ರಮ ಇಟ್ಟಿದ್ದರು. ಅವ್ವ ಅತ್ತೆಗೆ ಫೋನ್ ಮಾಡಿದ್ದಳು. ಬರುತ್ತಾಳೆ ಎಂದು ನಾವು ಎಣಿಸಿರಲಿಲ್ಲ. ಬಂದಿದ್ದಳು. ಹಿಂದಿನ ಸಾಲಿನ ಕುರ್ಚಿಯಲ್ಲಿ, ಮಡಿಕೆ ಬಿಚ್ಚಿದ ಇಳಕಲ್ ಸೀರೆಯಲ್ಲಿ, ಬೇರೆಯವರ ಮದುವೆಗೆ ಬಂದವಳಂತೆ ಕೂತಿದ್ದಳು.

ನನ್ನ ಹೆಸರು ಕರೆದರು. ಪತ್ರವನ್ನು ಬಲಗೈಯಿಂದಲೇ ತೆಗೆದುಕೊಂಡೆ. ಕಾಗದದ ಒಂದು ಅಂಚು ನನ್ನ ಕೈಗೆ ಗೊತ್ತಾಯಿತು, ಇನ್ನೊಂದು ಗೊತ್ತಾಗಲಿಲ್ಲ. ಕೆಳಗೆ ನೋಡಿದೆ. ಹಿಡಿದಿದ್ದೆ.

ಪೆಂಡಾಲಿನ ಹೊರಗೆ ಅವ್ವ ಅದನ್ನು ಎರಡು ಸಲ ಕಣ್ಣಿಗೆ ಒತ್ತಿಕೊಂಡಳು. ನೀಲತ್ತೆ ಮೆಲ್ಲಗೆ ನಡೆದು ಬಂದಳು. ಕೈ ಚಾಚಿದಳು. ನಾನು ಕೊಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಬಂಗಾರದ ಬಣ್ಣದ ಮುದ್ರೆಯ ಮೇಲೆ ಬೆರಳಾಡಿಸಿದಳು, ತಿರುವಿ ಹಿಂಬದಿ ನೋಡಿದಳು.

“ಇದರಾಗ ನಿನ್ನ ಹೆಸರು ಎಲ್ಲೈತಿ?”

ತೋರಿಸಿದೆ. ನನ್ನ ಕಿರುಬೆರಳಿನಿಂದಲೇ ತೋರಿಸಿದೆ. ಅತ್ತೆ ಹೆಸರು ನೋಡಲಿಲ್ಲ, ಬೆರಳು ನೋಡಿದಳು. ಪತ್ರವನ್ನು ನನ್ನ ಬಲಗೈಯಲ್ಲಿಟ್ಟು, ನಾನು ಹಿಡಿದೆನೋ ಇಲ್ಲವೋ ಎಂದು ಖಾತ್ರಿಯಾಗುವವರೆಗೆ ತನ್ನ ಕೈ ಬಿಡಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿದಳು.

“ಮುಂಜಾನಿಂದ ಹೊಟ್ಟಿಗೇನಿಲ್ಲ ನನಗ. ಮನಿಗಿ ನಡೀರಿ. ರೊಟ್ಟಿ ಇಕಿ ಬಡೀಲಿ. ಹಂಚಿನ ಮ್ಯಾಲಿಂದ ನಾ ತಗೀತೇನಿ.”